ನಾಳ ಹೊಲಿದ ಡಾಕ್ಟರ್: ಅಲೆಕ್ಸಿಸ್ ಕ್ಯಾರೆಲ್

ಈ ಸಲ ನಾವು ಆರಿಸಿಕೊಂಡಿದ್ದು ಒಬ್ಬ ಡಾಕ್ಟರ್‌ ಕಥೆ. ಡಾಕ್ಟರ್ ಆದ್ರೂ ಅವರ ಕೆಲಸ ಮಾತ್ರ ಪಕ್ಕಾ ಇಂಜಿನಿಯರಿಂಗ್ ನೋಡ್ರಿ.

ಅಲೆಕ್ಸಿಸ್ ಕ್ಯಾರೆಲ್ 1873ರಲ್ಲಿ ಫ್ರಾನ್ಸಿನ ಲಿಯಾನ್ ಹತ್ತಿರ ಹುಟ್ಟಿದರು. ಅಲ್ಲೇ ವೈದ್ಯಕೀಯ ಓದುತ್ತಿದ್ದಾಗ, 1894ರಲ್ಲಿ, ಊರಿಗೆ ಬಂದಿದ್ದ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಅವರಿಗೆ ಒಬ್ಬ ಚಾಕು ಹಾಕಿದ. ಲಿವರ್‌ಗೆ ರಕ್ತ ಒಯ್ಯುವ ದೊಡ್ಡ ನಾಳ ಕಡಿದಿತ್ತು. ಅದನ್ನು ಹೊಲಿಯುವ ನಂಬಿಗಸ್ತ ವಿಧಾನ ಆಗ ಯಾರ ಬಳಿಯೂ ಇರಲಿಲ್ಲ. ಅಧ್ಯಕ್ಷರು ಉಳಿಯಲಿಲ್ಲ.

ಈ ಸಾವು ಕ್ಯಾರೆಲ್ ಮನಸ್ಸಿಗೆ ನಾಟಿತು. ಅವರು ಕಸೂತಿ ಹಾಕುವ ಹೆಣ್ಣುಮಗಳೊಬ್ಬರ ಬಳಿ ಹೊಲಿಗೆ ಕಲಿತರು. ಮೆತ್ತನೆಯ ದುಂಡು ನಾಳ ಹೊಲಿಯುವಾಗ ಸೂಜಿ ಎದುರಿನ ಗೋಡೆಗೂ ಸಿಕ್ಕಿಬಿಡುತ್ತದೆ. ಅದಕ್ಕೆ ಅವರು ಸಮದೂರದಲ್ಲಿ ಮೂರು ಹೊಲಿಗೆ ಹಾಕಿ ಎಳೆದರು. ವೃತ್ತ ಹೋಗಿ ತ್ರಿಕೋನ ಆಯ್ತು! ಇನ್ನು ಒಂದೊಂದೇ ನೇರ ಬದಿ ಹೊಲಿದರೆ ಮುಗೀತು. 1902ರಲ್ಲಿ ಈ ವಿಧಾನ ಪ್ರಕಟಿಸಿದರು. ಮುಂದೆ ಅಮೆರಿಕಕ್ಕೆ ಹೋಗಿ ನಾಯಿಗಳ ಕಿಡ್ನಿ ತೆಗೆದು ಮತ್ತೆ ಜೋಡಿಸಿದರು. 1912ರಲ್ಲಿ ನೊಬೆಲ್ ಬಂತು.

ನಾಳ ಹೊಲಿಯುವ ಈ ವಿದ್ಯೆ ಕಿಡ್ನಿ ಕ್ಯಾನ್ಸರ್‌ ಆಪರೇಷನ್‌ಗೂ ಬೇಕು. ಕೆಲವರಲ್ಲಿ ಗಡ್ಡೆ ಕಿಡ್ನಿಯೊಳಗೇ ನಿಲ್ಲದೆ ಅದರ ರಕ್ತನಾಳದ ಒಳಗೆ ಬೆಳೆದು, ಹೃದಯಕ್ಕೆ ರಕ್ತ ಒಯ್ಯುವ ಮಹಾಸಿರೆಗೆ ನುಗ್ಗುತ್ತದೆ. ಪೈಪಿನಾಗ ಬೇರು ಇಳಿದಂಗ. ತುಂಡು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಸರ್ಜನ್‌ಗಳು ನಾಳವನ್ನು ಮೇಲೆ-ಕೆಳಗೆ ಬಿಗಿಹಿಡಿದು, ಸೀಳಿ, ಗಡ್ಡೆ ಹೊರತೆಗೆದು, ಕಿಡ್ನಿಯನ್ನೂ ತೆಗೆದು, ಸೀಳನ್ನು ಹೊಲಿಯುತ್ತಾರೆ. ಗಡ್ಡೆ ಹೃದಯದ ತನಕ ಮುಟ್ಟಿದ್ದರೆ ಹಾರ್ಟ್-ಲಂಗ್ ಮಷೀನ್ ಕೂಡ ಬೇಕಾಗಬಹುದು.

ಕ್ಯಾರೆಲ್ ಬದುಕಿಗೆ ಕತ್ತಲ ಬದಿಯೂ ಇದೆ, ಅದನ್ನು ಮುಚ್ಚಿಡಬಾರದು. 1935ರ ಪುಸ್ತಕದಲ್ಲಿ ಅವರು ಕೆಲವು ಅಪರಾಧಿಗಳನ್ನು ವಿಷಾನಿಲದಿಂದ ಮುಗಿಸಬೇಕೆಂದು ವಾದಿಸಿದರು. ಮಹಾಯುದ್ಧದಾಗ, ಜರ್ಮನಿ ಜೊತೆ ಕೈಜೋಡಿಸಿದ ವಿಶೀ ಸರ್ಕಾರದ ಸಂಸ್ಥೆಯೊಂದನ್ನು ನಡೆಸಿದರು. 1944ರಲ್ಲಿ ತೀರಿಕೊಂಡರು. ಲಿಯಾನ್‌ನ ಒಂದು ಮೆಡಿಕಲ್ ಕಾಲೇಜಿಗಿದ್ದ ಅವರ ಹೆಸರನ್ನು 1996ರಲ್ಲಿ ತೆಗೆದರು. ಹೆಸರು ಹೋಯ್ತು, ಹೊಲಿಗೆ ಉಳೀತು.

ನಮ್ಮ ಚಂದಾಪುರ, ಚಿಂಚೋಳಿ, ಸೇಡಂ ಕಡೆ ಮೂತ್ರದಾಗ ರಕ್ತ ಕಂಡರೆ ಉಷ್ಣ ಅಂತ ಎಳನೀರು ಕುಡಿದು ಸುಮ್ಮನಾಗುವವರು ಇದ್ದಾರೆ. ನೋವಿಲ್ಲದಿದ್ದರೂ, ಒಂದೇ ಸಲ ಬಂದು ನಿಂತರೂ ತೋರಿಸಲೇಬೇಕು. ಗಡ್ಡೆ ನಾಳಕ್ಕೆ ಇಳಿಯೋಕೆ ಮುಂಚೆ ಸಿಕ್ಕರೆ ಆಪರೇಷನ್ ಎಷ್ಟೋ ಹಗುರ. ರಜೆಗೆ ಮನೆಗೆ ಹೋದಾಗ ಹಿರಿಯರಿಗೆ ಇದೊಂದು ಮಾತು ಹೇಳ್ರಿ.