ಅಣುಸಂಸ್ಥೆಯೊಳಗಿದ್ದೇ ಸೂರ್ಯನ ಪರ ವಾದಿಸಿದ ಡಿ.ಡಿ. ಕೊಸಾಂಬಿ

ದಾಮೋದರ ಧರ್ಮಾನಂದ ಕೊಸಾಂಬಿಯವರನ್ನು ಕನ್ನಡದ ಓದುಗರು ಬಲ್ಲದ್ದು ಮುಖ್ಯವಾಗಿ ಇತಿಹಾಸಕಾರರೆಂದು. ರಾಜರ ವಂಶಾವಳಿಯನ್ನು ಬದಿಗಿರಿಸಿ ನೇಗಿಲು, ನಾಣ್ಯ, ಗ್ರಾಮದೇವತೆಗಳ ಮೂಲಕ ಭಾರತದ ಗತಕಾಲವನ್ನು ಅರಿಯಹೊರಟ ವಿದ್ವಾಂಸರು ಅವರು. ವೃತ್ತಿಯಿಂದ ಅವರು ಗಣಿತಜ್ಞರಾಗಿದ್ದರೆಂಬುದು ಕೆಲವರಿಗಷ್ಟೇ ಗೊತ್ತು. ದೇಶಕ್ಕೆ ಯಾವ ಇಂಧನ ತಕ್ಕುದು ಎಂಬ ಚರ್ಚೆಯಲ್ಲಿ ಅಣುಶಕ್ತಿಗೆ ಎದುರಾಗಿ ಸೌರಶಕ್ತಿಯನ್ನು ಎತ್ತಿ ಹಿಡಿದ ಮೊದಲಿಗರಲ್ಲಿ ಒಬ್ಬರೆಂಬುದು ಇನ್ನೂ ಕಡಿಮೆ ಜನರಿಗೆ ತಿಳಿದ ಸಂಗತಿ. ವಿಶೇಷವೆಂದರೆ, ಭಾರತದ ಅಣುಶಕ್ತಿ ಕಾರ್ಯಕ್ರಮದ ತೊಟ್ಟಿಲೆನಿಸಿದ ಸಂಸ್ಥೆಯಲ್ಲಿ ಸಂಬಳ ಪಡೆಯುತ್ತಿದ್ದಾಗಲೇ ಅವರು ಈ ವಾದವನ್ನು ಮುಂದಿಟ್ಟರು.

ಕೊಸಾಂಬಿಯವರು ಹುಟ್ಟಿದ್ದು 1907ರ ಜುಲೈ 31ರಂದು, ಆಗ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾದಲ್ಲಿ. ತಂದೆ ಧರ್ಮಾನಂದ ಕೊಸಾಂಬಿ ಬೌದ್ಧಧರ್ಮದ ಅಧ್ಯಯನಕ್ಕಾಗಿ ಮನೆಮಠ ತೊರೆದು ಅಲೆದವರು, ಪಾಳಿ ಭಾಷೆಯಲ್ಲಿ ಜಗತ್ತೇ ಮನ್ನಿಸಿದ ಪಂಡಿತರು. ಹಾರ್ವರ್ಡ್ ವಿಶ್ವವಿದ್ಯಾಲಯದ ಆಹ್ವಾನದ ಮೇರೆಗೆ ತಂದೆ ಅಮೆರಿಕಕ್ಕೆ ಹೊರಟಾಗ ಬಾಲಕ ದಾಮೋದರನೂ ಜೊತೆಗೆ ಹೋದ. ಮುಂದೆ ಅದೇ ಹಾರ್ವರ್ಡ್‌ನಿಂದ 1929ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ಪದವಿ ಪಡೆದು ತಾಯ್ನಾಡಿಗೆ ಮರಳಿದರು. ಬನಾರಸ್, ಅಲಿಗಢಗಳಲ್ಲಿ ಕೆಲಕಾಲ ಪಾಠ ಹೇಳಿ, 1933ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿ ಹನ್ನೆರಡು ವರ್ಷ ಅಲ್ಲಿದ್ದರು. ಸವೆದ ಹಳೆಯ ಬೆಳ್ಳಿನಾಣ್ಯಗಳನ್ನು ಸಾವಿರಾರು ಸಂಖ್ಯೆಯಲ್ಲಿ ತೂಗಿ, ತೂಕದ ನಷ್ಟದಿಂದ ಅವುಗಳ ಚಲಾವಣೆಯ ಕಾಲವನ್ನು ಲೆಕ್ಕಹಾಕುವ ವಿಧಾನವನ್ನು ಅವರು ರೂಪಿಸಿದ್ದು ಪುಣೆಯಲ್ಲೇ. ವಂಶವಾಹಿಗಳ ನಡುವಿನ ಅಂತರವನ್ನು ಅಳೆಯಲು 1944ರಲ್ಲಿ ಅವರು ಕೊಟ್ಟ ಸೂತ್ರವನ್ನು ತಳಿವಿಜ್ಞಾನಿಗಳು ಅವರ ಹೆಸರಿನಿಂದಲೇ ಕರೆಯುತ್ತಾರೆ.

ಅವರನ್ನು ಅಣುವಿಜ್ಞಾನದ ಅಂಗಳಕ್ಕೆ ಕರೆತಂದವರು ಹೋಮಿ ಭಾಭಾ. ಎರಡನೆಯ ಮಹಾಯುದ್ಧದ ಕಾರಣ ಇಂಗ್ಲೆಂಡಿಗೆ ಮರಳಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಳಿದಿದ್ದ ಭಾಭಾ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು 1945ರಲ್ಲಿ ಆ ಆವರಣದಲ್ಲೇ ಆರಂಭಿಸಿ, ವರ್ಷಾಂತ್ಯಕ್ಕೆ ಬೊಂಬಾಯಿಗೆ ಸಾಗಿಸಿದರು. ಅದರ ಮೊದಮೊದಲ ಗಣಿತ ಪ್ರಾಧ್ಯಾಪಕರಲ್ಲಿ ಕೊಸಾಂಬಿ ಒಬ್ಬರು. ಮನೆ ಮಾತ್ರ ಪುಣೆಯಲ್ಲೇ ಉಳಿಯಿತು. ಡೆಕ್ಕನ್ ಕ್ವೀನ್ ರೈಲಿನಲ್ಲಿ ನಿತ್ಯವೂ ಬೊಂಬಾಯಿಗೆ ಹೋಗಿಬರುವುದು ಅವರ ದಿನಚರಿಯಾಯಿತು. ಭಾಭಾ, ಕೊಸಾಂಬಿ ಇಬ್ಬರೂ ಬಹುಶ್ರುತರು, ಇಬ್ಬರೂ ಸ್ವಾಭಿಮಾನಿಗಳು. ಆರಂಭದ ಸ್ನೇಹ ದೀರ್ಘಕಾಲ ಬಾಳದಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಅಂದಿನ ದೇಶದ ಸ್ಥಿತಿಯನ್ನು ನೆನೆಯದೆ ಅವರ ನಡುವಿನ ಭಿನ್ನಾಭಿಪ್ರಾಯದ ತೂಕ ತಿಳಿಯದು. ಸ್ವಾತಂತ್ರ್ಯ ಬಂದಾಗ ಇಡೀ ಭಾರತದ ವಿದ್ಯುತ್ ಸ್ಥಾಪಿತ ಸಾಮರ್ಥ್ಯ 1,362 ಮೆಗಾವ್ಯಾಟ್. 1951ರಲ್ಲಿ ಐದೂವರೆ ಲಕ್ಷಕ್ಕೂ ಮಿಕ್ಕಿದ ಹಳ್ಳಿಗಳ ಪೈಕಿ ದೀಪ ಕಂಡವು ಸುಮಾರು ಮೂರು ಸಾವಿರ ಮಾತ್ರ. ಕಲ್ಲಿದ್ದಲು ಇದ್ದದ್ದು ಬಹುಪಾಲು ಬಿಹಾರ, ಬಂಗಾಳಗಳಲ್ಲಿ. ದಕ್ಷಿಣ ಮತ್ತು ಪಶ್ಚಿಮದ ಊರುಗಳಿಗೆ ಅದನ್ನು ರೈಲಿನಲ್ಲಿ ಸಾಗಿಸಬೇಕಿತ್ತು. ಎಣ್ಣೆಯೆಂದರೆ ಅಸ್ಸಾಮಿನ ದಿಗ್ಬೋಯಿ. ಗುಜರಾತಿನ ಅಂಕಲೇಶ್ವರದಲ್ಲಿ ತೈಲ ಸಿಕ್ಕಿದ್ದು 1960ರಲ್ಲಿ. ಅಲ್ಲಿಯವರೆಗೂ, ಅನಂತರವೂ, ಹಡಗಿನಲ್ಲಿ ಬಂದ ಕಚ್ಚಾತೈಲವನ್ನು ವಿದೇಶಿ ಕಂಪನಿಗಳೇ ಶುದ್ಧೀಕರಿಸಿ ಮಾರುತ್ತಿದ್ದವು. ಬೊಂಬಾಯಿಯ ಟ್ರಾಂಬೆಯಲ್ಲಿ 1950ರ ದಶಕದ ಮಧ್ಯದಲ್ಲಿ ಅಂಥ ಎರಡು ತೈಲಾಗಾರಗಳು ಎದ್ದವು. ಅದೇ ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ದೇಶದ ಮೊದಲ ಅಣುಕುಲುಮೆ ಅಪ್ಸರಾ ಚಾಲೂ ಆಯಿತು.

ಭಾಭಾ ಅವರ ಲೆಕ್ಕಾಚಾರ ಹುರುಳಿಲ್ಲದ್ದೇನೂ ಅಲ್ಲ. ಕಲ್ಲಿದ್ದಲ ಗಣಿಯಿಂದ ಸಾವಿರಾರು ಕಿಲೋಮೀಟರ್ ದೂರದ ನಗರಗಳಿಗೆ, ಹಿಡಿಯಷ್ಟು ಯುರೇನಿಯಂನಿಂದ ರಾಶಿಗಟ್ಟಲೆ ಕಲ್ಲಿದ್ದಲ ಕೆಲಸ ತೆಗೆಯುವುದು ಅಗ್ಗವಾದೀತೆಂದು ಅವರು ನಂಬಿದ್ದರು. ನಮ್ಮಲ್ಲಿ ಯುರೇನಿಯಂ ಕಡಿಮೆ, ಕೇರಳದ ಕರಾವಳಿಯ ಮರಳಿನಲ್ಲಿ ಥೋರಿಯಂ ಹೇರಳ. ಮೊದಲು ಸಹಜ ಯುರೇನಿಯಂ, ಬಳಿಕ ಅದರಿಂದ ಹುಟ್ಟುವ ಪ್ಲುಟೋನಿಯಂ, ಕೊನೆಗೆ ಥೋರಿಯಂ ಎಂಬ ಮೂರು ಹಂತಗಳ ಯೋಜನೆಯನ್ನು ಅವರು ರೂಪಿಸಿದ್ದು ಈ ಕಾರಣಕ್ಕೆ. 1955ರಲ್ಲಿ ಜಿನೀವಾದಲ್ಲಿ ನಡೆದ ಶಾಂತಿಯುತ ಅಣುಶಕ್ತಿ ಸಮ್ಮೇಳನದ ಅಧ್ಯಕ್ಷಪೀಠದಿಂದ ಅವರು, ಸೂರ್ಯನೊಳಗೆ ನಡೆಯುವ ಬೈಜಿಕ ಸಮ್ಮಿಲನವನ್ನು ಇಪ್ಪತ್ತು ವರ್ಷಗಳೊಳಗೆ ಮನುಷ್ಯ ಭೂಮಿಯ ಮೇಲೆ ಪಳಗಿಸಿಯಾನೆಂದೂ ಭವಿಷ್ಯ ನುಡಿದರು. ಪ್ರಧಾನಿ ನೆಹರೂ ಅವರ ಸಂಪೂರ್ಣ ಬೆಂಬಲ ಭಾಭಾ ಅವರಿಗಿತ್ತು. ಅಣುಶಕ್ತಿ ಇಲಾಖೆ ನೇರವಾಗಿ ಪ್ರಧಾನಿಯ ಕೈಕೆಳಗಿತ್ತು. ಅದರ ಕಾಯಿದೆಯಲ್ಲಿ ಗೋಪ್ಯತೆಗೆ ದೊಡ್ಡ ಸ್ಥಾನವಿತ್ತು. ಈ ಏರ್ಪಾಡನ್ನು ಲೋಕಸಭೆಯಲ್ಲಿ ಪ್ರಶ್ನಿಸಿದ ಖಗೋಳ ಭೌತವಿಜ್ಞಾನಿ ಮೇಘನಾದ ಸಹಾ 1956ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅನಂತರ ವಿಜ್ಞಾನಿಗಳ ವಲಯದಿಂದ ಅಣುಶಕ್ತಿ ಕುರಿತು ಬಹಿರಂಗವಾಗಿ ಅಪಸ್ವರವೆತ್ತುವವರು ವಿರಳವಾದರು.

ಆ ವಿರಳರಲ್ಲಿ ಕೊಸಾಂಬಿ ಎದ್ದು ಕಾಣುತ್ತಾರೆ. ವಿಶ್ವ ಶಾಂತಿ ಮಂಡಳಿಯ ಸದಸ್ಯರಾಗಿ ಅಣ್ವಸ್ತ್ರಗಳ ವಿರುದ್ಧ ಅವರು ಮಾತಾಡುತ್ತಿದ್ದುದು ಎಲ್ಲರಿಗೂ ತಿಳಿದಿತ್ತು. ಆದರೆ ಇಂಧನದ ಕುರಿತ ಅವರ ವಾದ ಬಾಂಬಿನ ಭಯದಿಂದ ಹುಟ್ಟಿದ್ದಲ್ಲ, ಒಲೆಯಿಂದ ಹುಟ್ಟಿದ್ದು. 1957ರಲ್ಲಿ ಸೂರ್ಯನೋ ಅಣುವೋ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಬರೆದರು. 1960ರ ಜುಲೈನಲ್ಲಿ ಪುಣೆಯ ರೋಟರಿ ಕ್ಲಬ್ಬಿನ ಸದಸ್ಯರೆದುರು ಇದೇ ವಿಷಯ ಮಾತಾಡಿದರು. 1964ರಲ್ಲಿ ಮತ್ತೊಮ್ಮೆ ಹಿಂದುಳಿದ ಪ್ರದೇಶಗಳಿಗೆ ಸೌರಶಕ್ತಿಯ ಅಗತ್ಯವನ್ನು ಕುರಿತು ಲೇಖನ ಪ್ರಕಟಿಸಿದರು.

ಅವರ ವಾದದ ಸರಣಿ ಹೀಗಿದೆ. ಭಾರತದ ಬಹುಪಾಲು ಜನರ ಇಂಧನ ಕಲ್ಲಿದ್ದಲೂ ಅಲ್ಲ, ಎಣ್ಣೆಯೂ ಅಲ್ಲ. ಸೌದೆ ಮತ್ತು ಬೆರಣಿ. ಸೌದೆಗಾಗಿ ಕಾಡು ಬರಿದಾಗುತ್ತದೆ, ಕಾಡು ಬರಿದಾದರೆ ಮಣ್ಣು ಕೊಚ್ಚಿಹೋಗುತ್ತದೆ. ಹೊಲಕ್ಕೆ ಗೊಬ್ಬರವಾಗಬೇಕಾದ ಸಗಣಿ ಬೆರಣಿಯಾಗಿ ಒಲೆ ಸೇರುತ್ತದೆ. ನಗರದಂಚಿನ ಒಂದು ದೊಡ್ಡ ಅಣುಸ್ಥಾವರ ಈ ನಷ್ಟವನ್ನು ತಡೆಯಲಾರದು, ಏಕೆಂದರೆ ಅದರ ವಿದ್ಯುತ್ತು ಹಳ್ಳಿಯ ಒಲೆಯವರೆಗೆ ತಲುಪಬೇಕಾದರೆ ದೇಶದುದ್ದಕ್ಕೂ ತಂತಿ ಎಳೆಯಬೇಕು. ಆ ಖರ್ಚನ್ನು ಅಣುವಿದ್ಯುತ್ತಿನ ದರದಲ್ಲಿ ಯಾರೂ ಸೇರಿಸಿ ಹೇಳುವುದಿಲ್ಲ. ಬಿಸಿಲಾದರೋ ಯಾವ ತಂತಿಯೂ ಇಲ್ಲದೆ ಪ್ರತಿ ಹಳ್ಳಿಗೂ ತಾನಾಗಿಯೇ ಬಂದು ಬೀಳುತ್ತದೆ. ಸ್ಥಳದಲ್ಲೇ ಹಿಡಿದು ಸ್ಥಳದಲ್ಲೇ ಬಳಸಬಹುದಾದ ಶಕ್ತಿ ಅದು. ಈ ವಿಕೇಂದ್ರೀಕರಣವೇ ಸೌರಶಕ್ತಿಯ ಅತಿ ದೊಡ್ಡ ಗುಣವೆಂದು ಕೊಸಾಂಬಿ ಎಣಿಸಿದ್ದರು.

ತಂತಿಯ ಮಾತು ಕನ್ನಡನಾಡಿಗೆ ಅಪರಿಚಿತವಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಜಲವಿದ್ಯುತ್ತು ಸುಮಾರು 150 ಕಿಲೋಮೀಟರ್ ಸಾಗಿ ಮೊದಲು ಬೆಳಗಿದ್ದು ಕೋಲಾರದ ಚಿನ್ನದ ಗಣಿಯನ್ನು. ಆ ತಂತಿ ಹಾದುಹೋದ ದಾರಿಯ ಹಳ್ಳಿಗಳು ದೀಪಕ್ಕಾಗಿ ದಶಕಗಳ ಕಾಲ ಕಾದವು.

ಖರ್ಚಿನ ಪ್ರಶ್ನೆಯೂ ಇತ್ತು. ಅಣುವಿದ್ಯುತ್ತು ಅಗ್ಗವೆಂಬ ಮಾತಿಗೆ ಆ ದಿನಗಳಲ್ಲಿ ಎಲ್ಲರೂ ಬೊಟ್ಟು ಮಾಡುತ್ತಿದ್ದುದು 1956ರಲ್ಲಿ ಆರಂಭವಾದ ಇಂಗ್ಲೆಂಡಿನ ಕಾಲ್ಡರ್ ಹಾಲ್ ಸ್ಥಾವರದತ್ತ. ಅದರ ಮುಖ್ಯ ಉದ್ದೇಶ ಬಾಂಬಿಗೆ ಬೇಕಾದ ಪ್ಲುಟೋನಿಯಂ ತಯಾರಿಕೆಯಾಗಿತ್ತು, ವಿದ್ಯುತ್ತು ಅದರ ಉಪೋತ್ಪನ್ನ. ಇಂಥ ಲೆಕ್ಕವನ್ನು ಬಡದೇಶವೊಂದು ಮಾದರಿಯಾಗಿ ಸ್ವೀಕರಿಸುವುದರ ಅಪಾಯವನ್ನು ಸಂಖ್ಯಾಶಾಸ್ತ್ರ ಬಲ್ಲ ಕೊಸಾಂಬಿಯವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಯಂತ್ರ, ಇಂಧನ, ತಜ್ಞತೆ ಎಲ್ಲಕ್ಕೂ ಪರದೇಶವನ್ನು ಅವಲಂಬಿಸಬೇಕಾದೀತೆಂಬ ಆತಂಕವೂ ಅವರಿಗಿತ್ತು. ಮುಂದೆ ತಾರಾಪುರದ ಮೊದಲ ಎರಡು ಘಟಕಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೈಯಿಂದ, ಅಮೆರಿಕದ ಸಂವರ್ಧಿತ ಯುರೇನಿಯಂ ನಂಬಿಕೊಂಡು ಸಿದ್ಧವಾದವು. 1974ರ ಪೋಖ್ರಾನ್ ಪರೀಕ್ಷೆಯ ಬಳಿಕ ಆ ಇಂಧನಕ್ಕಾಗಿ ದೇಶ ಪಟ್ಟ ಪಾಡು ತಿಳಿದದ್ದೇ.

ಹಾಗೆಂದು ಕೊಸಾಂಬಿಯವರ ವಾದದಲ್ಲಿ ತೂತುಗಳಿರಲಿಲ್ಲ ಎನ್ನುವಂತಿಲ್ಲ. ಉರಿ ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್ ಶಕ್ತಿ ಸುರಿಯುತ್ತದೆ, ನಿಜ. ಆದರೆ 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಪ್ರದರ್ಶಿಸಿದ ಸಿಲಿಕಾನ್ ಸೌರಕೋಶ ಅದರಲ್ಲಿ ವಿದ್ಯುತ್ತಾಗಿ ಪರಿವರ್ತಿಸುತ್ತಿದ್ದುದು ಶೇ. 6ರಷ್ಟನ್ನು ಮಾತ್ರ. ಅದರ ಬೆಲೆ ಉಪಗ್ರಹ ಹಾರಿಸುವವರಿಗಷ್ಟೇ ಎಟುಕುತ್ತಿತ್ತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ 1950ರ ದಶಕದಲ್ಲಿ ತಯಾರಿಸಿದ ಸೌರ ಒಲೆಯೂ ಮನೆಮನೆಯ ಅಡುಗೆಗೆ ಒಗ್ಗಲಿಲ್ಲ. ರಾತ್ರಿಯ ದೀಪಕ್ಕೆ ಹಗಲಿನ ಬಿಸಿಲನ್ನು ಕೂಡಿಡುವ ಬಗೆಯೂ ಆಗ ದುಬಾರಿಯೇ. ಕೈಗೆ ಸಿದ್ಧವಾಗಿದ್ದ ಯಂತ್ರವೊಂದನ್ನು ಕೊಸಾಂಬಿ ತೋರಿಸುತ್ತಿರಲಿಲ್ಲ. ಸಂಶೋಧನೆಯ ಹಣ ಯಾವ ದಿಕ್ಕಿಗೆ ಹರಿಯಬೇಕೆಂದು ಕೇಳುತ್ತಿದ್ದರು. ಆ ಹಣ ಸೌರಶಕ್ತಿಯತ್ತ ಹರಿಯಲಿಲ್ಲ.

1962ರಲ್ಲಿ ಟಾಟಾ ಸಂಸ್ಥೆ ಅವರ ನೇಮಕವನ್ನು ನವೀಕರಿಸಲಿಲ್ಲ. ಗಣಿತದ ಅತಿ ಕಠಿಣ ಸಮಸ್ಯೆಯಾದ ರೀಮಾನ್ ಊಹೆಯನ್ನು ಸಾಧಿಸಿದ್ದೇನೆಂದು 1950ರ ದಶಕದ ಕೊನೆಯಲ್ಲಿ ಅವರು ಮಾಡಿದ ಪ್ರತಿಪಾದನೆ ನಿಲ್ಲದೆ ಹೋಗಿತ್ತು. ಅದೇ ಕಾರಣವೆಂದು ಕೆಲವರು, ಅಣುಶಕ್ತಿಯ ಟೀಕೆಯೇ ಕಾರಣವೆಂದು ಇನ್ನು ಕೆಲವರು ವಾದಿಸುತ್ತಾರೆ. ಎರಡೂ ಸೇರಿದ್ದಿರಬಹುದು. ಸಂಸ್ಥೆ ಅಣುಶಕ್ತಿ ಇಲಾಖೆಯ ಅನುದಾನದಿಂದಲೇ ನಡೆಯುತ್ತಿತ್ತೆಂಬುದನ್ನಂತೂ ಮರೆಯುವಂತಿಲ್ಲ. ಕೆಲಸ ಹೋದ ವರ್ಷವೇ ಅವರ ‘ಮಿಥ್ ಅಂಡ್ ರಿಯಾಲಿಟಿ’ ಹೊರಬಂತು. ಪುಣೆಯ ಸುತ್ತಲಿನ ಗುಡ್ಡಗಳಲ್ಲಿ ಆದಿಮಾನವರ ಕಲ್ಲಿನ ಚೂರುಗಳನ್ನು ಆಯುತ್ತಾ, ಕುರುಬರು, ಅಲೆಮಾರಿಗಳೊಡನೆ ಮಾತಾಡುತ್ತಾ ಕೊಸಾಂಬಿ ಉಳಿದ ದಿನ ಕಳೆದರು.

1966ರ ಜನವರಿ 24ರಂದು ಭಾಭಾ ಪಯಣಿಸುತ್ತಿದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಬಳಿ ಅಪ್ಪಳಿಸಿತು. ಐದು ತಿಂಗಳ ಬಳಿಕ, ಜೂನ್ 29ರಂದು, ಕೊಸಾಂಬಿ ಪುಣೆಯ ಮನೆಯಲ್ಲಿ ನಿದ್ರೆಯಲ್ಲೇ ಕೊನೆಯುಸಿರೆಳೆದರು. ಅವರಿಗೆ ಆಗ 58 ವರ್ಷ.

1980ರ ಹೊತ್ತಿಗೆ 8,000 ಮೆಗಾವ್ಯಾಟ್ ಅಣುವಿದ್ಯುತ್ತೆಂಬುದು ಭಾಭಾ ಕಾಲದ ಗುರಿ. ಆ ವರ್ಷ ಬಂದಾಗ ಸಾಮರ್ಥ್ಯ ಸಾವಿರ ಮೆಗಾವ್ಯಾಟನ್ನೂ ಮುಟ್ಟಿರಲಿಲ್ಲ. ಕೊಸಾಂಬಿಯವರ ಒಲೆಯ ಪ್ರಶ್ನೆಯನ್ನು ಬೇರೊಂದು ದಾರಿಯಿಂದ ಕೈಗೆತ್ತಿಕೊಂಡವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ. 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ಮೂಲಕ ಅವರ ತಂಡ ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿ, ಕರಗಿದ ಗೊಬ್ಬರವನ್ನು ಹೊಲಕ್ಕೇ ಮರಳಿಸಿತು.

ಸೌರವಿದ್ಯುತ್ತು ಅಗ್ಗವಾಗಲು ಕೊಸಾಂಬಿ ತೀರಿಕೊಂಡು ಅರ್ಧ ಶತಮಾನ ಬೇಕಾಯಿತು. 2017ರಲ್ಲಿ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ ಯೂನಿಟ್ಟಿಗೆ 2.44 ರೂಪಾಯಿ ದರ ದಾಖಲಾಯಿತು. 2025ರ ಆರಂಭಕ್ಕೆ ದೇಶದ ಸೌರ ಸಾಮರ್ಥ್ಯ ಒಂದು ಲಕ್ಷ ಮೆಗಾವ್ಯಾಟ್ ದಾಟಿದ್ದರೆ, ಅಣುವಿದ್ಯುತ್ತಿನದು ಒಂಬತ್ತು ಸಾವಿರದ ಒಳಗೇ ಇತ್ತು. ಕೊಸಾಂಬಿ ಹುಟ್ಟಿದ ಗೋವಾಕ್ಕೆ ನೆರೆಯ ಉತ್ತರ ಕನ್ನಡದ ಕೈಗಾದಲ್ಲಿ ನಾಲ್ಕು ಘಟಕಗಳು ಸೇರಿ 880 ಮೆಗಾವ್ಯಾಟ್. ತುಮಕೂರು ಜಿಲ್ಲೆಯ ಪಾವಗಡ ಸೌರ ಉದ್ಯಾನದಲ್ಲಿ 2,050. ಆದರೆ ರಾತ್ರಿಯೂ ನಿಲ್ಲದೆ ಉತ್ಪಾದಿಸುವುದು ಕೈಗಾ, ಪಾವಗಡವಲ್ಲ. ಅಲ್ಲದೆ ಪಾವಗಡದ್ದು ಕೊಸಾಂಬಿ ಬಯಸಿದ ಬಗೆಯೂ ಅಲ್ಲ. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆಯ ಮೇಲೆ ಬೀಳುವ ಬಿಸಿಲು ಅಲ್ಲಿ ವಿದ್ಯುತ್ತಾಗಿ ತಂತಿ ಹತ್ತಿ ದೂರಕ್ಕೆ ಹೋಗುತ್ತದೆ. ಜಮೀನಿದ್ದವರಿಗೆ ಪ್ರತಿವರ್ಷ ಬಾಡಿಗೆ ಬರುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಜಮೀನಿಲ್ಲದವರಿಗೆ ಅದೂ ಇಲ್ಲ.