ಬಂಗಾರದ ಸೂತ್ರ

ಲೋಹವನ್ನು ಬಂಗಾರವಾಗಿಸುವ ಸೂತ್ರವೊಂದನ್ನು ವಿಜ್ಞಾನಿಯೊಬ್ಬ ಕಂಡುಹಿಡಿಯುತ್ತಾನೆ. ದುಷ್ಟಕೂಟವೊಂದು ಅದರ ಮೇಲೆ ಕಣ್ಣುಹಾಕುತ್ತದೆ. ಪತ್ತೇದಾರನೊಬ್ಬ ಅವರ ಬೆನ್ನುಹತ್ತುತ್ತಾನೆ. ದೊರೆ–ಭಗವಾನ್ ಜೋಡಿ 1968ರಲ್ಲಿ ನಿರ್ದೇಶಿಸಿದ ‘ಜೇಡರ ಬಲೆ’ಯ ಕಥಾಸಾರವಿಷ್ಟೆ. ಜೇಮ್ಸ್ ಬಾಂಡನ ಜಾಡಿನಲ್ಲಿ ನಡೆದ ಈ ಚಿತ್ರವನ್ನು ಸಾಹಿತ್ಯದ ವಿದ್ಯಾರ್ಥಿಯಾಗಿದ್ದ ನಾನು ಬಹುಕಾಲ ಹಗುರವಾಗಿಯೇ ಎಣಿಸಿದ್ದೆ. ಅದರ ನಾಯಕ ರಾಜಕುಮಾರರ ಬಾಳನ್ನು ಅರಿತುಕೊಂಡ ಮೇಲೆ ಆ ಎಣಿಕೆ ತಪ್ಪೆಂದು ತೋರಿತು.

ಅವರ ಹುಟ್ಟುಹೆಸರು ಮುತ್ತುರಾಜ. ಜನನ 1929ರ ಏಪ್ರಿಲ್ 24ರಂದು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ನಟರು. ಬಡತನದ ದೆಸೆಯಿಂದ ಹುಡುಗನ ಓದು ಪ್ರಾಥಮಿಕ ತರಗತಿಗಳಲ್ಲಿಯೇ ನಿಂತುಹೋಯಿತು. ಅನಂತರ ರಂಗಭೂಮಿಯೇ ಗುರುಕುಲವಾಯಿತು. ಕಂದಪದ್ಯ, ವಚನ, ಸಂಗೀತ ಎಲ್ಲವೂ ಅಲ್ಲಿ ಕಿವಿಯಿಂದಲೇ ಕರಗತವಾದವು.

1954ರಲ್ಲಿ ಎಚ್.ಎಲ್.ಎನ್. ಸಿಂಹರ ‘ಬೇಡರ ಕಣ್ಣಪ್ಪ’ದಿಂದ ಮುತ್ತುರಾಜ ರಾಜಕುಮಾರನಾದ. ಕನಕದಾಸ, ರಣಧೀರ ಕಂಠೀರವ, ಸತ್ಯ ಹರಿಶ್ಚಂದ್ರ: ಜನ ಅವರನ್ನು ಭಕ್ತನಾಗಿ, ಅರಸನಾಗಿ ಕಂಡು ಕೈಮುಗಿದರು. ಅಂತಹ ನಟ ಕಿರೀಟವನ್ನಿಳಿಸಿ, ಸೂಟು ತೊಟ್ಟು ಪಿಸ್ತೂಲು ಹಿಡಿದರೆ ನೋಡುಗರು ಸಹಿಸುವರೆ? ಗಳಿಸಿದ್ದ ಗೌರವವನ್ನೇ ಪಣಕ್ಕೊಡ್ಡಿದ ಸಾಹಸವದು. ಜನ ಒಪ್ಪಿದರು, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಬಂದಿತು, ಮರುವರ್ಷ ಮೂರನೆಯದು. ಈ ಒಪ್ಪಿಗೆಯ ಮರ್ಮ ಅವರ ನುಡಿಯಲ್ಲಿದೆಯೆಂದು ನಾನು ಭಾವಿಸುತ್ತೇನೆ. ವೇಷ ಪರದೇಶದ್ದಾದರೂ ಆ ಪತ್ತೇದಾರನ ಉಚ್ಚಾರಣೆ ಹರಿಶ್ಚಂದ್ರನದಷ್ಟೇ ಶುದ್ಧವಾಗಿತ್ತು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ತರಗತಿಯಲ್ಲಿ ಕಲಿಸಲು ಹೆಣಗುವ ನಮಗೆ ಆ ಸಾಧನೆಯ ಬೆಲೆ ತಿಳಿಯದಿರದು.

1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಈ ಶಾಲೆ ಬಿಟ್ಟ ಹುಡುಗನಿಗೆ ಗೌರವ ಡಾಕ್ಟರೇಟ್ ನೀಡಿತು. ಗೋಕಾಕ್ ವರದಿಯ ಪರವಾದ ಚಳವಳಿಗೆ 1982ರಲ್ಲಿ ಅವರು ಧುಮುಕಿದಾಗ ಪಂಡಿತರ ಬೇಡಿಕೆ ಬೀದಿಬೀದಿಯ ದನಿಯಾಯಿತು. 1995ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಅವರನ್ನರಸಿ ಬಂದಿತು.

ವಿಧಿಯ ವಿಪರ್ಯಾಸವನ್ನು ನೋಡಿ. ತೆರೆಯ ಮೇಲೆ ಅಪಹೃತರನ್ನು ಬಿಡಿಸಿ ತಂದ ನಾಯಕನನ್ನು 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದಲೇ ವೀರಪ್ಪನ್ ಅಪಹರಿಸಿದನು. 108 ದಿನಗಳ ಕಾಲ ಆ ವೃದ್ಧರು ಕಾಡಿನಲ್ಲಿ ಸೆರೆಯಾಗಿದ್ದರು. ನಾಡು ಉಸಿರು ಬಿಗಿಹಿಡಿದಿತ್ತು. ಅವರು ಮರಳಿ ಬಂದರು.

2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ, ಮೊದಲೇ ಸಂಕಲ್ಪಿಸಿದ್ದಂತೆ ಅವರ ಕಣ್ಣುಗಳನ್ನು ದಾನಮಾಡಲಾಯಿತು. ಚಿತ್ರದ ಆ ಸೂತ್ರ ಕಲ್ಪನೆಯ ಮಾತು. ಆದರೆ ಓದು ದೊರೆಯದ ಬಾಲಕನೊಬ್ಬನನ್ನು ನಾಟಕ ಕಂಪನಿಯೊಂದು ನಾಡಿನ ನುಡಿಗೆ ಮಾದರಿಯಾಗಿಸಿದ್ದು ನಡೆದ ಸಂಗತಿ. ಅಂತಹ ಕಂಪನಿಗಳು ಇಂದು ವಿರಳವಾಗಿವೆಯೆಂಬುದೇ ನನ್ನ ಕೊರಗು.