ರೈಲಿಗಿಂತ ಮೊದಲು ಮುಟ್ಟಿದ ಸೆಡಾನ್ ಮತ್ತು ಕಿಂಬರ್ಲಿಯ ವಜ್ರದ ದುಡ್ಡು

1930ರ ಮಾರ್ಚ್ 12ರಂದು ಗಾಂಧಿ ಸಾಬರಮತಿ ಆಶ್ರಮದಿಂದ ದಂಡಿಯ ಕಡೆ ಹೊರಟರು. ಸುಮಾರು 385 ಕಿ.ಮೀ. ದಾರಿ, 24 ದಿನದ ನಡಿಗೆ. ಮಾರನೇ ದಿನ ಸಂಜೆ ದಕ್ಷಿಣ ಫ್ರಾನ್ಸಿನ ಕಾನ್ ಪಟ್ಟಣದಲ್ಲಿ, ಕಾರ್ಲ್ಟನ್ ಹೋಟೆಲಿನ ಬಾರಿನಿಂದ ಒಬ್ಬ ಇಂಗ್ಲಿಷ್ ಕೋಟ್ಯಧಿಪತಿ ಎದ್ದು ಬಂದು ತನ್ನ ಬೆಂಟ್ಲಿ ಸ್ಪೀಡ್ ಸಿಕ್ಸ್ ಸೆಡಾನ್ ಹತ್ತಿದ. ಅದೇ ಹೊತ್ತಿಗೆ ಕಾನ್ ಸ್ಟೇಷನ್ನಿನಿಂದ ಬ್ಲೂ ಟ್ರೈನ್ ಹೊರಡುತ್ತಿತ್ತು. ರಿವಿಯೆರಾದ ಬಿಸಿಲು ಕಾಯಿಸಿಕೊಂಡ ಸಾಹುಕಾರರನ್ನು ಉತ್ತರದ ಕ್ಯಾಲೆ ಬಂದರಿಗೆ ಒಯ್ಯುವ ರೈಲು ಅದು. ಆ ರೈಲು ಕ್ಯಾಲೆ ಮುಟ್ಟುವಷ್ಟರಲ್ಲಿ ತಾನು ಸಮುದ್ರ ದಾಟಿ ಲಂಡನ್ನಿನ ಕ್ಲಬ್ಬಿನಲ್ಲಿ ಕೂತಿರುತ್ತೇನೆ ಅಂತ ಆತ ನೂರು ಪೌಂಡ್ ಬಾಜಿ ಕಟ್ಟಿದ್ದ.

ಹೆಸರು ವುಲ್ಫ್ ಬಾರ್ನಾಟೊ. ಕಾರು ಹುಚ್ಚಿನವರ ಲೋಕದಲ್ಲಿ ಇವನು ದಂತಕಥೆ. ಲೆ ಮಾನ್ಸ್ ಅನ್ನುವ 24 ಗಂಟೆಗಳ ರೇಸಿನಲ್ಲಿ ಮೂರು ಸಲ ಓಡಿಸಿ ಮೂರೂ ಸಲ ಗೆದ್ದವನು. ಇವನ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಪಾರ್ಟಿ, ಷಾಂಪೇನ್, ಸಾಹಸ ಇಷ್ಟರಲ್ಲೇ ಮುಗಿಯುತ್ತವೆ. ಆ ದುಡ್ಡು ಎಲ್ಲಿಂದ ಬಂತು ಅನ್ನೋದು ಒಂದು ಸಾಲಿನಲ್ಲಿ ಬಂದು ಹೋಗುತ್ತೆ: ವಜ್ರದ ವಾರಸುದಾರ. ನಾವು ಆ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ.

ವುಲ್ಫ್‌ನ ಅಪ್ಪ ಬಾರ್ನಿ ಬಾರ್ನಾಟೊ. ಹುಟ್ಟುಹೆಸರು ಬಾರ್ನೆಟ್ ಐಸಾಕ್ಸ್. ಲಂಡನ್ನಿನ ಈಸ್ಟ್ ಎಂಡ್‌ನ ಬಡ ಯಹೂದಿ ಕುಟುಂಬದ ಹುಡುಗ. ಅಣ್ಣ ವೇದಿಕೆ ಮೇಲೆ ಮೆಚ್ಚುಗೆ ಪಡೆಯುವಾಗ ಬಾರ್ನಿಯನ್ನೂ ಕರೆಯಿರಿ ಅಂತ ಕೂಗುತ್ತಿದ್ದದ್ದೇ ಮುಂದೆ ಬಾರ್ನಾಟೊ ಆಯಿತು ಅನ್ನೋ ಕಥೆಯಿದೆ. 1873ರಲ್ಲಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಗೆ ಹೋದ. ವಜ್ರದ ದಲ್ಲಾಳಿಯಾದ, ಗಣಿಯ ತುಂಡುಗಳನ್ನು ಒಂದೊಂದಾಗಿ ಕೊಂಡ, ಕಿಂಬರ್ಲಿ ಸೆಂಟ್ರಲ್ ಕಂಪನಿಯನ್ನು ಕೈಗೆ ತೆಗೆದುಕೊಂಡ. ಎದುರಾಳಿಯಾಗಿ ನಿಂತವನು ಸೆಸಿಲ್ ರೋಡ್ಸ್. ಕೊನೆಗೆ ಇಬ್ಬರೂ ರಾಜಿಯಾಗಿ 1888ರಲ್ಲಿ ಡಿ ಬೀರ್ಸ್ ಕನ್ಸಾಲಿಡೇಟೆಡ್ ಮೈನ್ಸ್ ಹುಟ್ಟಿತು. ಬಾರ್ನಿಯ ಕಂಪನಿಯನ್ನು ಕೊಂಡಾಗ ಬರೆದ ಚೆಕ್ಕಿನ ಮೊತ್ತ 53,38,650 ಪೌಂಡ್. ಆ ಚೆಕ್ಕಿನ ಫೋಟೋ ಇವತ್ತಿಗೂ ಓಡಾಡುತ್ತೆ. ಯಹೂದಿ, ಅದರಲ್ಲೂ ಕೆಳಗಿನಿಂದ ಬಂದವನು ಅಂತ ಬಾರ್ನಿಯನ್ನು ಹೊರಗಿಟ್ಟಿದ್ದ ಕಿಂಬರ್ಲಿ ಕ್ಲಬ್ಬಿಗೆ ರೋಡ್ಸ್ ಅವನನ್ನು ಸೇರಿಸಿದ್ದೂ ಈ ವ್ಯವಹಾರದ ಭಾಗವೇ. ಕ್ಲಬ್ಬು ಅನ್ನೋದು ಈ ಕುಟುಂಬದ ಕಥೆಯಲ್ಲಿ ಇನ್ನೊಮ್ಮೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಈಗ ಗಣಿಯ ಒಳಗೆ. ಕಪ್ಪು ಜನ ಗಣಿಯ ಒಡೆಯರಾಗದಂತೆ ಬಿಳಿ ಗಣಿದಾರರು ಮೊದಲೇ ಬೇಲಿ ಹಾಕಿದ್ದರು. ಅವರು ಬರಬೇಕಾದದ್ದು ಕೂಲಿಗಳಾಗಿ, ಪಾಸ್ ಇಟ್ಟುಕೊಂಡು. 1880ರ ದಶಕದ ಮಧ್ಯದಿಂದ 'ಕಾಂಪೌಂಡ್' ಪದ್ಧತಿ ಬಂತು. ಸುತ್ತಲೂ ತಗಡಿನ ಗೋಡೆ, ಮೇಲೆ ತಂತಿ ಬಲೆ. ಒಪ್ಪಂದದ ತಿಂಗಳುಗಳು ಮುಗಿಯುವವರೆಗೆ ಕಾರ್ಮಿಕ ಅಲ್ಲಿಂದ ಊರಿಗೆ ಕಾಲಿಡುವಂತಿಲ್ಲ. ಗಣಿ, ಕಾಂಪೌಂಡ್, ಮತ್ತೆ ಗಣಿ. ಪಾಳಿ ಮುಗಿದಾಗ ಬೆತ್ತಲೆ ಮಾಡಿ ತಪಾಸಣೆ. ಒಪ್ಪಂದ ಮುಗಿದು ಮನೆಗೆ ಹೊರಡುವ ಮುನ್ನ ಕೆಲವು ದಿನ ಪ್ರತ್ಯೇಕ ಕೋಣೆ, ಮೈಮೇಲೆ ಕಂಬಳಿ ಬಿಟ್ಟರೆ ಏನಿಲ್ಲ, ಕೈಗೆ ಬೆರಳಿಲ್ಲದ ಚರ್ಮದ ಚೀಲ, ಹೊಟ್ಟೆಗೆ ಭೇದಿ ಔಷಧಿ. ನುಂಗಿದ ವಜ್ರ ಹೊರಬರಬೇಕಲ್ಲ! ಕಳ್ಳತನ ತಡೆಯಲು ಅಂತ ಹೇಳಿದರೂ ಕಾಂಪೌಂಡಿನ ನಿಜವಾದ ಲಾಭ ಬೇರೆಯೇ ಇತ್ತು. ಮುಷ್ಕರ ಮಾಡಲು, ಬೇರೆ ಕಡೆ ಹೆಚ್ಚು ಕೂಲಿ ಹುಡುಕಲು ಹೊರಗೆ ಹೋಗಲೇ ಆಗದ ಕೆಲಸಗಾರ ಸಿಕ್ಕ. ಮುಂದೆ ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಗಳು ಈ ಮಾದರಿಯನ್ನು ತಮಗೆ ಬೇಕಾದಂತೆ ಬಗ್ಗಿಸಿಕೊಂಡವು. ನಮ್ಮ ಕೋಲಾರದ ಚಿನ್ನದ ಗಣಿಗಳು ಇಷ್ಟು ಬಿಗಿ ಇರಲಿಲ್ಲ, ನಿಜ. ಆದರೆ ಅಲ್ಲಿಯ ಕಾರ್ಮಿಕರು ಬೆರಳಚ್ಚು ನೋಂದಣಿ ವಿರುದ್ಧ ಮುಷ್ಕರಕ್ಕೆ ಇಳಿದದ್ದು ಇದೇ 1930ರಲ್ಲಿ.

ಬಾರ್ನಿ 1897ರ ಜೂನ್‌ನಲ್ಲಿ ಇಂಗ್ಲೆಂಡಿಗೆ ಮರಳುವಾಗ ಮಡೀರಾ ಹತ್ತಿರ ಹಡಗಿನಿಂದ ಸಮುದ್ರಕ್ಕೆ ಬಿದ್ದು ಸತ್ತ. ಹಾರಿದನೋ, ಬಿದ್ದನೋ, ವಾದ ಮುಗಿದಿಲ್ಲ. 1895ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ್ದ ವುಲ್ಫ್‌ಗೆ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಚಾರ್ಟರ್‌ಹೌಸ್ ಶಾಲೆ, ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು, ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿ. ಬಾಕ್ಸಿಂಗ್ ಗೊತ್ತಿತ್ತು, ಮೋಟಾರ್ ದೋಣಿ ಓಡಿಸುತ್ತಿದ್ದ, ಸರ್ರೆ ಕೌಂಟಿಗೆ ವಿಕೆಟ್ ಕೀಪರ್ ಆಗಿ ಕೆಲವು ಪಂದ್ಯ ಆಡಿದ. ಅಪ್ಪನ ಆಸ್ತಿಯಲ್ಲಿ ತನ್ನ ಪಾಲಿಗಾಗಿ ಜೋಯೆಲ್ ಮನೆತನದ ಸಂಬಂಧಿಕರ ಮೇಲೆಯೇ ಕೇಸು ಹಾಕಿ ದೊಡ್ಡ ಮೊತ್ತ ವಸೂಲಿ ಮಾಡಿದ. ಲೆಕ್ಕದಲ್ಲಿ ಗಟ್ಟಿಗ. ಮೋಜುಗಾರ ಅಂತ ಮಾತ್ರ ಚಿತ್ರಿಸುವವರು ಇದನ್ನು ಮರೆಯುತ್ತಾರೆ.

1925ರಲ್ಲಿ ಒಂದು ಬೆಂಟ್ಲಿ ಕಾರು ಕೊಂಡ. 1926ರಲ್ಲಿ ಕಂಪನಿಯನ್ನೇ ಕೊಂಡ. ಡಬ್ಲ್ಯು.ಓ. ಬೆಂಟ್ಲಿ 1919ರಲ್ಲಿ ಕಟ್ಟಿದ ಕಂಪನಿ ಅದು. ಕಾರು ಚೆನ್ನ, ಖಜಾನೆ ಯಾವಾಗಲೂ ಖಾಲಿ. ಬಾರ್ನಾಟೊ ಹಣ ಸುರಿದ, ಅಧ್ಯಕ್ಷನಾದ. ಹಳೇ ಷೇರುದಾರರ ಒಂದು ಪೌಂಡಿನ ಷೇರು ಒಂದು ಶಿಲಿಂಗಿಗೆ, ಅಂದರೆ ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಇಳಿಯಿತು. ಕಂಪನಿಗೆ ತನ್ನ ಹೆಸರು ಕೊಟ್ಟ ಎಂಜಿನಿಯರ್ ತನ್ನದೇ ಕಾರ್ಖಾನೆಯಲ್ಲಿ ಇನ್ನೊಬ್ಬರ ಕೈಕೆಳಗಿನವನಾದ. ಆಮೇಲೆ 1928, 1929, 1930ರಲ್ಲಿ ಲೆ ಮಾನ್ಸ್ ಗೆಲುವುಗಳು. ಜೊತೆಗಾರರು ಬರ್ನಾರ್ಡ್ ರೂಬಿನ್, ಟಿಮ್ ಬಿರ್ಕಿನ್, ಗ್ಲೆನ್ ಕಿಡ್‌ಸ್ಟನ್. ರೂಬಿನ್‌ಗೆ ಆಸ್ಟ್ರೇಲಿಯಾದ ಮುತ್ತಿನ ವ್ಯಾಪಾರದ ದುಡ್ಡು. ಪತ್ರಿಕೆಗಳು ಇವರನ್ನೆಲ್ಲ 'ಬೆಂಟ್ಲಿ ಬಾಯ್ಸ್' ಅಂತ ಕರೆದವು. ಚಾಲಕನಾಗಿ ಬಾರ್ನಾಟೊನ ಕೈ ನಿಜಕ್ಕೂ ಪಳಗಿದ್ದು. ಶಿಸ್ತು ಇತ್ತು, ಯಂತ್ರವನ್ನು ಹಿಂಸಿಸುತ್ತಿರಲಿಲ್ಲ. ಡಬ್ಲ್ಯು.ಓ. ಬೆಂಟ್ಲಿಯೇ ಅವನನ್ನು ತನ್ನ ಚಾಲಕರಲ್ಲಿ ಅತ್ಯುತ್ತಮ ಅಂತ ಎಣಿಸಿದ್ದ.

ಇನ್ನು ಆ ರಾತ್ರಿ. ಅದೇ ವರ್ಷದ ಆರಂಭದಲ್ಲಿ ರೋವರ್ ಕಂಪನಿ ತನ್ನ ಲೈಟ್ ಸಿಕ್ಸ್ ಕಾರು ಬ್ಲೂ ಟ್ರೈನನ್ನು ಸೋಲಿಸಿತು ಅಂತ ಜಾಹೀರಾತು ಹಾಕಿತ್ತು. ಬಾರ್ನಾಟೊಗೆ ಅದು ಹೆಚ್ಚುಗಾರಿಕೆ ಅನ್ನಿಸಲೇ ಇಲ್ಲ. ರೈಲು ಬರೀ ಎಂಜಿನ್ ಬಲದ ಮೇಲೆ ಓಡುವುದಿಲ್ಲ. ದಾರಿಯಲ್ಲಿ ನಿಲ್ಲುತ್ತೆ, ಪ್ಯಾರಿಸ್ ಸುತ್ತಿ ಬರುತ್ತೆ, ಅದರ ಸರಾಸರಿ ವೇಗ ಗಂಟೆಗೆ 65 ಕಿ.ಮೀ. ಆಸುಪಾಸು. ಸ್ಪೀಡ್ ಸಿಕ್ಸ್ ಅಂದರೆ ಆರು ಸಿಲಿಂಡರಿನ, ಆರೂವರೆ ಲೀಟರಿನ ಎಂಜಿನ್. ಮುಚ್ಚಿದ ಭಾರದ ಸೆಡಾನ್ ಬಾಡಿ ಹೊತ್ತೂ ಗಂಟೆಗೆ 135-140 ಕಿ.ಮೀ. ಮುಟ್ಟಬಲ್ಲದು. ಕಾಗದದ ಮೇಲೆ ಇದು ಪಂದ್ಯವೇ ಅಲ್ಲ.

ರಸ್ತೆ ಮೇಲೆ ಹಾಗಿರಲಿಲ್ಲ. ಬಾರ್ನಾಟೊ ಜೊತೆಗೆ ಗೆಳೆಯ, ಗಾಲ್ಫ್ ಆಟಗಾರ ಡೇಲ್ ಬೋರ್ನ್ ಇದ್ದ. ಲಿಯೋನ್ ಹತ್ತಿರ ಜೋರು ಮಳೆ. ಓಸೇರ್‌ನಲ್ಲಿ ಪೆಟ್ರೋಲ್ ತುಂಬಿಸಲು ಮೊದಲೇ ಗೊತ್ತು ಮಾಡಿದ್ದ ಲಾರಿಯನ್ನು ಹುಡುಕುವುದರಲ್ಲೇ ಸಮಯ ಹೋಯಿತು. ಲೀಟರಿಗೆ ನಾಲ್ಕು ಕಿ.ಮೀ. ಕೊಟ್ಟರೆ ಹೆಚ್ಚು ಅನ್ನುವ ಕಾರು, ನಡುರಾತ್ರಿ ಬಂಕ್ ತೆರೆದಿರುವ ಕಾಲವೂ ಅಲ್ಲ. ಆಮೇಲೆ ಮಂಜು. ಪ್ಯಾರಿಸ್ ಬಳಿ ಟೈರ್ ಪಂಕ್ಚರ್, ಇದ್ದ ಒಂದೇ ಸ್ಟೆಪ್ನಿಯೂ ಮುಗಿಯಿತು. ಬೆಳಿಗ್ಗೆ ಹತ್ತೂವರೆಗೆ ಬುಲೋನ್ ಬಂದರು ಸೇರಿದಾಗ ಸುಮಾರು 1,150 ಕಿ.ಮೀ. ಕ್ರಮಿಸಿದ್ದರು. ಸರಾಸರಿ ಲೆಕ್ಕ ಹಾಕಿದರೆ ಗಂಟೆಗೆ 70 ಕಿ.ಮೀ. ಅಷ್ಟೇ. 140 ಓಡುವ ಕಾರು ಅದರ ಅರ್ಧವನ್ನು ಉಳಿಸಿಕೊಳ್ಳಲು ಒದ್ದಾಡಿತು! ಟಾಪ್ ಸ್ಪೀಡ್ ಅಂಕಿ ನೋಡಿ ಕಾರನ್ನು ಅಳೆಯುವವರಿಗೆ ಈ ಒಂದು ರಾತ್ರಿ ಸಾಕು. ಮಳೆ, ಕತ್ತಲೆ, ಪೆಟ್ರೋಲ್, ಟೈರು ಇವು ಬ್ರೋಷರಿನಲ್ಲಿ ಇರೋದಿಲ್ಲ.

ಹಡಗಿನಲ್ಲಿ ಕಾಲುವೆ ದಾಟಿ ಫೋಕ್‌ಸ್ಟನ್, ಅಲ್ಲಿಂದ ಲಂಡನ್. ಮಧ್ಯಾಹ್ನ 3 ಗಂಟೆ 20 ನಿಮಿಷಕ್ಕೆ ಸೇಂಟ್ ಜೇಮ್ಸ್ ಬೀದಿಯ ಕನ್ಸರ್ವೇಟಿವ್ ಕ್ಲಬ್ಬಿನ ಮುಂದೆ ಕಾರು ನಿಂತಿತು. ರೈಲು ಕ್ಯಾಲೆ ಮುಟ್ಟಿದ್ದು 3.24ಕ್ಕೆ. ನಾಲ್ಕು ನಿಮಿಷ.

ಇಲ್ಲಿ ಒಂದು ಸಣ್ಣ ಲೆಕ್ಕ. ಫೋಕ್‌ಸ್ಟನ್‌ನಿಂದ ಲಂಡನ್‌ಗೆ ಸುಮಾರು 70 ಮೈಲಿ. ಆಗ ಬ್ರಿಟನ್ನಿನಲ್ಲಿ ಸಾರ್ವಜನಿಕ ರಸ್ತೆಯ ಗರಿಷ್ಠ ವೇಗ ಗಂಟೆಗೆ 20 ಮೈಲಿ. 1903ರ ಕಾನೂನು, 1930ರ ಕೊನೆಯವರೆಗೂ ಜಾರಿಯಲ್ಲಿತ್ತು. ಕಾನೂನು ಪಾಲಿಸಿದ್ದರೆ ಆ ದಾರಿಗೇ ಮೂರೂವರೆ ಗಂಟೆ. ಹತ್ತೂವರೆಗೆ ಬುಲೋನ್‌ನಲ್ಲಿದ್ದವರು, ಕಾಲುವೆ ದಾಟಲು ಒಂದೂವರೆ ಗಂಟೆ ಅಂತ ಹಿಡಿದರೂ, ಮೂರೂವರೆ ಮೊದಲು ಕ್ಲಬ್ಬಿಗೆ ಬರಲು ಸಾಧ್ಯವೇ ಇರಲಿಲ್ಲ. ಅಂದರೆ ಆ ನಾಲ್ಕು ನಿಮಿಷ ಗೆದ್ದದ್ದು ಕಾನೂನು ಮುರಿದು. ಎಲ್ಲರೂ ಮುರಿಯುತ್ತಿದ್ದರು, ಅಸಾಧ್ಯವಾದ ಕಾನೂನು ಅದು ಅಂತ ವಾದಿಸಬಹುದು. ಸರಿ. ಆದರೆ ಆ ಒಂದೇ ವರ್ಷ ಬ್ರಿಟನ್ನಿನ ರಸ್ತೆಗಳಲ್ಲಿ 7,000ಕ್ಕೂ ಹೆಚ್ಚು ಜನ ಸತ್ತರು. ಇಡೀ ದೇಶದಲ್ಲಿ ಇದ್ದ ವಾಹನ 23 ಲಕ್ಷದಷ್ಟು ಮಾತ್ರ. ಸತ್ತವರಲ್ಲಿ ಬಹಳ ಮಂದಿ ಕಾರು ಅನ್ನೋದನ್ನೇ ಹೊಂದಿಲ್ಲದ ಪಾದಚಾರಿಗಳು. ಆದರೂ 1930ರ ರಸ್ತೆ ಸಂಚಾರ ಕಾಯ್ದೆ ಕಾರುಗಳ ವೇಗಮಿತಿಯನ್ನು ಪೂರ್ತಿ ತೆಗೆದೇ ಹಾಕಿತು. ಸಾವು ನೋಡಿ ಹೆದರಿದ ಮೇಲೆ, 1935ರಲ್ಲಿ, ಊರುಗಳೊಳಗೆ 30 ಮೈಲಿ ಮಿತಿ ವಾಪಸ್ ಬಂತು. ವೇಗವಾಗಿ ಓಡುವ ಹಕ್ಕು ಮತ್ತು ರಸ್ತೆ ದಾಟುವ ಹಕ್ಕು ಮುಖಾಮುಖಿಯಾದಾಗ ಸಂಸತ್ತು ಮೊದಲು ಯಾರ ಮಾತು ಕೇಳಿಸಿಕೊಂಡಿತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ದಂಡ ಬಿದ್ದದ್ದು ಫ್ರಾನ್ಸಿನಲ್ಲಿ. ಸಾರ್ವಜನಿಕ ರಸ್ತೆಯಲ್ಲಿ ಅನಧಿಕೃತ ರೇಸ್ ಮಾಡಿದ್ದಕ್ಕೆ, ಬಾಜಿಯಲ್ಲಿ ಗೆದ್ದದ್ದಕ್ಕಿಂತ ಹೆಚ್ಚು ಮೊತ್ತ. ಆ ವರ್ಷದ ಪ್ಯಾರಿಸ್ ಮೋಟಾರ್ ಪ್ರದರ್ಶನದಿಂದ ಬೆಂಟ್ಲಿಯನ್ನು ಹೊರಗಿಟ್ಟರು ಕೂಡ.

ಈ ಕಥೆಯಲ್ಲಿ ಕಾರಿಗೂ ಅನ್ಯಾಯವಾಗಿದೆ. ದಶಕಗಳ ಕಾಲ 'ಬ್ಲೂ ಟ್ರೈನ್ ಬೆಂಟ್ಲಿ' ಅಂತ ಜಗತ್ತು ಮೆರೆಸಿದ್ದು ಗರ್ನಿ ನಟಿಂಗ್ ಕಂಪನಿ ಬಾಡಿ ಕಟ್ಟಿದ ಒಂದು ಚೂಪು ಬೆನ್ನಿನ ಚೆಂದದ ಕೂಪೆಯನ್ನು. ಟೆರೆನ್ಸ್ ಕ್ಯೂನಿಯೊ ಬಿಡಿಸಿದ ಚಿತ್ರದಲ್ಲಿ ರೈಲಿನ ಪಕ್ಕ ಓಡುತ್ತಿರುವುದೂ ಅದೇ. ಆದರೆ ಆ ಕೂಪೆ ಬಾರ್ನಾಟೊ ಕೈಗೆ ಬಂದದ್ದು ರೇಸ್ ಮುಗಿದ ಮೇಲೆ. ಓಡಿದ್ದು ಎಚ್.ಜೆ. ಮುಲಿನರ್ ಬಾಡಿಯ ಸಾದಾ, ಪೆಟ್ಟಿಗೆಯಂಥ ನಾಲ್ಕು ಬಾಗಿಲಿನ ಸೆಡಾನ್. ಕೆಲಸ ಮಾಡಿದವರು ಒಬ್ಬರು, ಫೋಟೋದಲ್ಲಿ ಇರೋರು ಇನ್ನೊಬ್ಬರು. ಕಾರುಗಳಲ್ಲೂ ಹೀಗೇ.

1930ರ ಅಕ್ಟೋಬರ್‌ನಲ್ಲಿ ಬೆಂಟ್ಲಿ '8 ಲೀಟರ್' ಬಂತು. ದೊಡ್ಡ ಸೆಡಾನ್ ಬಾಡಿ ಹಾಕಿದರೂ ಗಂಟೆಗೆ 100 ಮೈಲಿ ಅಂತ ಕಂಪನಿಯ ಹೆಮ್ಮೆ, ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನ ಪರೀಕ್ಷೆಯಲ್ಲಿ ಅದು ನಿಜವೂ ಆಯಿತು. ಬಾಡಿ ಇಲ್ಲದ ಚಾಸಿಯ ಬೆಲೆಯೇ 1,850 ಪೌಂಡ್. ಆ ವರ್ಷದ ಕೊನೆಗೆ ಬ್ರಿಟನ್ನಿನಲ್ಲಿ ಸುಮಾರು 25 ಲಕ್ಷ ಜನ ನಿರುದ್ಯೋಗಿಗಳು. ಕೊಳ್ಳುವವರು ಯಾರು? ತಯಾರಾದದ್ದು ನೂರೇ ಕಾರು. 1931ರ ಜುಲೈನಲ್ಲಿ ಸಾಲದ ಕಂತಿನ ದಿನ ಬಂದಾಗ ಬಾರ್ನಾಟೊ ಇನ್ನು ಹಣ ಹಾಕುವುದಿಲ್ಲ ಅಂದುಬಿಟ್ಟ. ಕಂಪನಿ ರಿಸೀವರ್ ಕೈಗೆ ಹೋಯಿತು. ಹರಾಜಿನಲ್ಲಿ ಯಾರೂ ಕೇಳದ ಹೆಸರಿನ ಒಂದು ಟ್ರಸ್ಟ್ ಬಂದು ಕೊಂಡಿತು. ಅದರ ಹಿಂದೆ ಇದ್ದದ್ದು ರೋಲ್ಸ್ ರಾಯ್ಸ್. ಬಾರ್ನಾಟೊ ಅಷ್ಟರಲ್ಲೇ ರೋಲ್ಸ್ ರಾಯ್ಸ್ ಷೇರುಗಳನ್ನು ಖರೀದಿಸಿದ್ದ, ಕೆಲವು ವರ್ಷಗಳಲ್ಲಿ ಹೊಸ ಬೆಂಟ್ಲಿ ಕಂಪನಿಯ ಆಡಳಿತ ಮಂಡಳಿಗೂ ಬಂದ. ಕ್ರಿಕಲ್‌ವುಡ್ ಕಾರ್ಖಾನೆ ಮುಚ್ಚಿತು. ಡಬ್ಲ್ಯು.ಓ. ಬೆಂಟ್ಲಿ ತನ್ನ ಹೆಸರಿನ ಕಾರು ತಯಾರಿಸುವ ಹಕ್ಕನ್ನೂ ಕಳೆದುಕೊಂಡು ರೋಲ್ಸ್ ರಾಯ್ಸ್ ನೌಕರನಾದ. ಮಾಲೀಕ ಮೋಜು ಮಾಡುವವರೆಗೆ ಉದ್ಯಮ, ಸಾಕೆನಿಸಿದ ದಿನ ಕೆಲಸಗಾರರಿಗೆ ಗೇಟು. ಸ್ಟಾರ್ಟಪ್ ಕಾಲದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮರುವರ್ಷ ಸೆಪ್ಟೆಂಬರ್‌ನಲ್ಲಿ ಬಾರ್ನಾಟೊನ ಹಳೇ ರೇಸ್ ಕಾರು 'ಓಲ್ಡ್ ನಂಬರ್ ಒನ್'ಗೆ ಎಂಟು ಲೀಟರ್ ಎಂಜಿನ್ ಕೂರಿಸಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಇಳಿಸಿದರು. ಕ್ಲೈವ್ ಡನ್‌ಫೀ ಓಡಿಸುವಾಗ ಅದು ಟ್ರ್ಯಾಕಿನ ಏರುಗೋಡೆ ದಾಟಿ ಆಚೆ ಬಿತ್ತು. ಡನ್‌ಫೀ ಅಲ್ಲೇ ಸತ್ತ. ಬಾರ್ನಾಟೊ ಅಷ್ಟರಲ್ಲಾಗಲೇ ರೇಸ್ ಬಿಟ್ಟಿದ್ದ.

ಎರಡನೇ ಮಹಾಯುದ್ಧದಲ್ಲಿ ಅವನು ವಾಯುಪಡೆಯಲ್ಲಿ ಕೆಲಸ ಮಾಡಿದ. ಮಗಳು ಡಯಾನಾ ಕಾರ್ಖಾನೆಗಳಿಂದ ಸ್ಪಿಟ್‌ಫೈರ್ ವಿಮಾನಗಳನ್ನು ಹಾರಿಸಿಕೊಂಡು ಹೋಗಿ ವಾಯುನೆಲೆಗಳಿಗೆ ಮುಟ್ಟಿಸುತ್ತಿದ್ದಳು. 1963ರಲ್ಲಿ ಗಂಟೆಗೆ 2,000 ಕಿ.ಮೀ. ದಾಟಿ, ಶಬ್ದದ ವೇಗ ಮೀರಿದ ಮೊದಲ ಬ್ರಿಟಿಷ್ ಮಹಿಳೆ ಅನ್ನಿಸಿಕೊಂಡಳು. ಅದನ್ನು ನೋಡಲು ಅಪ್ಪ ಇರಲಿಲ್ಲ. 1948ರ ಜುಲೈ 27ರಂದು, 52ನೇ ವಯಸ್ಸಿನಲ್ಲಿ, ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಬಾರ್ನಾಟೊ ತೀರಿಕೊಂಡ. ಅದಕ್ಕೆ ಎರಡು ತಿಂಗಳ ಹಿಂದೆ ದಕ್ಷಿಣ ಆಫ್ರಿಕಾದಲ್ಲಿ ನ್ಯಾಷನಲ್ ಪಾರ್ಟಿ ಚುನಾವಣೆ ಗೆದ್ದಿತ್ತು. ಕಿಂಬರ್ಲಿಯಲ್ಲಿ ಪಾಸ್ ಹಿಡಿದು ಬರುತ್ತಿದ್ದವರ ಮೊಮ್ಮಕ್ಕಳು ಅದೇ ಪಾಸ್ ಹಿಡಿದು ಇನ್ನೂ ಮೂರು ದಶಕಕ್ಕೂ ಹೆಚ್ಚು ಕಾಲ ಓಡಾಡಬೇಕಾಯಿತು.